ಎರಡು ಬೊಗಸೆ ಹುಣಸೆ ಬೀಜ

ನಮ್ಮ ತಿಗನಾರೆಯಲ್ಲಿ ನನ್ನಷ್ಟು ಬೇಗ ಹುಣಸೆ ಬಿಡಿಸುವವಳು ಇರಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಇದ್ದದ್ದು ಅದೊಂದೇ ಹೆಸರು. ಓಡು ಒಡೆದು, ನಾರು ಎಳೆದು, ಹಣ್ಣು ಕುಟ್ಟಿ ಬೀಜ ಬೇರೆ ಮಾಡಬೇಕು. ಹಣ್ಣನ್ನು ಸಂಜೆ ವ್ಯಾಪಾರಿ ಒಯ್ಯುತ್ತಿದ್ದ. ಉಳಿದದ್ದೆಲ್ಲ ತಿಪ್ಪೆಗೆ.

ನನ್ನ ತಂಗಿಯ ಕೈ ನಿಧಾನ. ನಾನು ಎರಡು ಕುಕ್ಕೆ ತುಂಬಿಸುವಷ್ಟರಲ್ಲಿ ಅವಳದು ಒಂದು. ಆದರೆ ಅವಳು ತಿಪ್ಪೆಗೆ ಹೋಗುವ ಬೀಜವನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ನಾರನ್ನು ಹಿತ್ತಾಳೆ ಚೆಂಬು ಬೆಳಗಲು ಇಟ್ಟುಕೊಂಡಳು. ಬೀಜ ಹುರಿದು, ಕೆಂಪು ಸಿಪ್ಪೆ ಉಜ್ಜಿ ತೆಗೆದು, ಬೀಸಿ ಹಿಟ್ಟು ಮಾಡಿದಳು. ಸ್ವಲ್ಪ ರಾಗಿ ರೊಟ್ಟಿಗೆ ಸೇರಿಸಿದಳು. ಅವ್ವ ಎರಡು ರೊಟ್ಟಿ ತಿಂದಳು. ಉಳಿದದ್ದನ್ನು ಗುಮಟಾಪುರದ ಕಡೆಯ ಕಂಬಳಿ ನೇಯುವವರೊಬ್ಬರು ಒಯ್ದರು. ಆ ಹಿಟ್ಟಿನ ಗಂಜಿ ಕಾಯಿಸಿ ಹಾಸಿನ ನೂಲಿಗೆ ಬಳಿದರೆ ಮಗ್ಗದ ಮೇಲೆ ನೂಲು ಗಟ್ಟಿಯಾಗಿ ನಿಲ್ಲುತ್ತದೆ. ಇಷ್ಟು ನುಣುಪಾದ ಹಿಟ್ಟನ್ನು ತಾವು ಕಂಡಿಲ್ಲ ಎಂದು ಅವರು ನಾವು ಹುಣಸೆ ಬಿಡಿಸುವ ಕಣದಲ್ಲಿ ಎಲ್ಲರೆದುರು ಹೇಳಿದರು.

ಪಕ್ಕದಲ್ಲಿ ಕೂತಿದ್ದವಳೊಬ್ಬಳು ನಕ್ಕಳು: "ನೀ ಬಿಸಾಕದ್ರಲ್ಲೇ ನಿನ್ ತಂಗಿ ಎಸ್ರು ಮಾಡ್ಕಂಡ್ಲು ಬುಡಮ್ಮಿ."

ನಾನೂ ನಕ್ಕೆ. ಆಮೇಲೆ ನನ್ನ ಕುಕ್ಕೆಯನ್ನು ಯಾರೂ ನೋಡಲಿಲ್ಲ. ಅವ್ವ ಕೂಡ ಸಂಜೆಯಾದರೆ ತಂಗಿಯ ಬೀಸುವ ಕಲ್ಲಿನ ಪಕ್ಕದಲ್ಲಿ ಮೊರ ಹಿಡಿದು ಕೂರುತ್ತಿದ್ದಳು. ಸಿಪ್ಪೆ ಉಳಿದರೆ ಗಂಜಿ ಕಾಯಿಸುವಾಗ ಬಣ್ಣ ಬಿಡುತ್ತದೆ; ಅಂಥ ಬೀಜಗಳನ್ನು ಆರಿಸಿ ತೆಗೆಯುವುದು ಅವಳ ಕೆಲಸ. ಇಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದರು. ನನ್ನ ಹತ್ತಿರ ಅವ್ವ ಅಷ್ಟು ಹೊತ್ತು ಕೂತದ್ದೇ ಇಲ್ಲ.

ಎಮರ್ಜೆನ್ಸಿ ಬಂದ ಮರುವರ್ಷದ ಸುಗ್ಗಿಯಲ್ಲಿ ಆ ನೇಕಾರರು ಹಿಟ್ಟು ಬೇಗ ಬೇಕೆಂದು ಹೇಳಿ ಕಳಿಸಿದರು. ತಮ್ಮ ಮಗಳ ಮದುವೆಯ ಹಸೆಗೆ ಹಾಸಲು ಬಿಳಿ ಕಂಬಳಿ ನೇಯುತ್ತಿದ್ದರು. ಅವ್ವ ಆರಿಸಿಟ್ಟು ಎದ್ದು ನೀರಿಗೆ ಹೋದಳು. ತಂಗಿ ಹೊರಗಿದ್ದಳು. ಸಿಪ್ಪೆ ಉಜ್ಜದ ಬೀಜವನ್ನು ಎರಡು ಬೊಗಸೆ ತೆಗೆದು ಒರಳಿಗೆ ಹಾಕಿ ಒಡೆದೆ. ಆ ನುಚ್ಚನ್ನು ಮೊರದಲ್ಲಿದ್ದುದರ ಜೊತೆ ಕಲಸಿಬಿಟ್ಟೆ. ಕತ್ತಲಾದ ಮೇಲೆ ಬಂದ ತಂಗಿ ಅದನ್ನು ಹಾಗೇ ಬೀಸಿದಳು. ಹುರಿದ ಹಿಟ್ಟಿನಲ್ಲಿ ಆ ಬಣ್ಣ ಯಾರಿಗೂ ಎದ್ದು ಕಾಣಲಿಲ್ಲ.

ಹಿಟ್ಟು ಒಯ್ದ ಮೂರು ದಿನಕ್ಕೆ ನೇಕಾರರು ಬಂದು ನೂಲಿನ ಕಟ್ಟನ್ನು ಜಗುಲಿಯ ಮೇಲೆ ಇಟ್ಟರು. ಬಿಳಿ ಉಣ್ಣೆಯ ತುಂಬ ಕಂದು ಕಲೆ.

"ನೋಡಕ್ಕ, ಮದ್ವ ಅಸ ಮ್ಯಾಲ ಇದ್ನ ಎಂಗ ಆಸ್ಲಿ?" ಎಂದರು. ಗದರಲಿಲ್ಲ.

ತಂಗಿ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಮಗಿನ ತಪ್ಪಿಲ್ಲ ಕಣಪ್ಪ. ಆರ್ಸಿದವ್ಳು ನಾನು. ನನ್ ಕಣ್ಣು ಮಂಜಾಗ್ಬುಟ್ಟದ, ಗೊತ್ತಾಗ್ನಿಲ್ಲ."

ತಂಗಿ ಅವ್ವನ ಕೈ ಹಿಡಿದುಕೊಂಡಳು. ನಿಜ ಹೇಳಬೇಕೆಂದರೆ, ಆಗಲೂ ನನಗೆ ಹೊಟ್ಟೆ ಉರಿದದ್ದು ಆ ಕೈ ನೋಡಿ.

ನೇಕಾರರು ಮತ್ತೆ ಬರಲಿಲ್ಲ. ತಂಗಿ ನನ್ನ ಪಕ್ಕದಲ್ಲೇ ಹುಣಸೆ ಬಿಡಿಸಲು ಕೂತಳು. ನಾನು ಬಯಸಿದ್ದು ಅದೇ. ಆದರೆ ಅವ್ವ ಅಂದಿನಿಂದ ಅಕ್ಕಿಯಲ್ಲಿ ಕಲ್ಲು ಕೂಡ ಆರಿಸಲಿಲ್ಲ. ಚೆನ್ನಾಗಿದ್ದ ಕಣ್ಣು ಹೋಗಿದೆ ಎಂದೇ ನಂಬಿದಳು. ಮೊರವನ್ನು ನನ್ನ ಕಡೆ ತಳ್ಳಿ, "ನೀನೇ ನೋಡವ್ವ, ನಿನ್ ಕಣ್ಣು ಸಂದಾಗವ," ಎನ್ನುತ್ತಿದ್ದಳು. ಸಾಯುವವರೆಗೂ ಹಾಗೇ ಅಂದಳು.

ತಂಗಿಯನ್ನು ಗೆಟ್ಟವಾಡಿಗೆ ಕೊಟ್ಟೆವು. ಅಲ್ಲಿ ಅವಳು ಅದೇ ಹಿಟ್ಟಿನ ಅಂಟಿಗೆ ನೆನೆಸಿದ ಕಾಗದ ರುಬ್ಬಿ ಸೇರಿಸಿ ಹಳೆಯ ಮೊರ, ಕುಕ್ಕೆಗಳಿಗೆ ಬಳಿದು ಗಟ್ಟಿ ಮಾಡಿಕೊಡುತ್ತಿದ್ದಳು. ಊರವರು ಹೊಗಳಿದ್ದು ಕಿವಿಗೆ ಬಿದ್ದಾಗ ಮತ್ತೆ ಅದೇ ಉರಿ. ಅವ್ವ ಹೋದ ಮರುವರ್ಷ ತಂಗಿಯ ಮನೆಗೆ ಹೋಗಿದ್ದೆ. ಬೀಜ ಆರಿಸುತ್ತಾ ಕೂತವಳು ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ತಲೆ ಎತ್ತಲಿಲ್ಲ. "ನನ್ಗ್ಯಾಕ ಯೋಳಿಯಕ್ಕ? ಅವ್ವುನ್ಗ ಯೋಳ್ಬೇಕಾಗಿತ್ತು."

ಆಮೇಲೆ ನಾನು ಆರಿಸಿಟ್ಟಿದ್ದ ಬೀಜದ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲಿನಿಂದ ಮತ್ತೆ ಆರಿಸತೊಡಗಿದಳು.