ಪೈಪಿನೊಳಗಿನ ಗಾಳಿ

ನಮ್ಮ ಡ್ರೈವರಣ್ಣನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು, ವಾಸಿಯಾಗಿ, ಒಂದು ರೋಮವೂ ಇಲ್ಲದೆ ನುಣ್ಣಗೆ ಹೊಳೆಯುತ್ತಿತ್ತು. ಆಂಬುಲೆನ್ಸಿನಲ್ಲಿ ಮೊದಲ ಸಲ ಅವರೊಂದಿಗೆ ಹೊರಟಾಗ ಕೇಳಿಯೇಬಿಟ್ಟೆ.

"ಘಟ್ಟದಲ್ಲಿ ಗಾಡಿ ಬಿಸಿಯಾಗಿತ್ತು ತಂಗೀ. ಪೇಶಂಟಿನ ಮನೆಯವ್ರು ಬೇಗ ಬೇಗ ಅಂದ್ರು. ತಣಿಯೂಕೂ ಬಿಡದೆ ರೇಡಿಯೇಟರಿನ ಮುಚ್ಚಳ ತೆಗ್ದೆ, ಕುದಿನೀರು ಕೈಮೇಲೇ ಹಾರ್ತು" ಎಂದರು. ಆ ಪೇಶಂಟು ಏನಾದರೆಂದು ನಾನು ಕೇಳುವಷ್ಟರಲ್ಲಿ ಗೇರ್ ಬದಲಿಸಿ ಸೈರನ್ ಹಾಕಿದರು.

ನಾನು ಅಂಕೋಲೆಯ ಚಿಕ್ಕ ಆಸ್ಪತ್ರೆಯೊಂದರ ನರ್ಸ್. ಕೈಮೀರಿದ ಕೇಸು ಬಂದರೆ ಹುಬ್ಬಳ್ಳಿಗೆ ಓಡಬೇಕು. ರಾಮನಗುಳಿ ದಾಟಿ ಘಟ್ಟ ಹತ್ತುವಾಗ ಲಾರಿಗಳ ಹಿಂದೆ ಸಿಕ್ಕಿಬಿದ್ದು ಮುಂದೆ ಇಂಜಿನ್ ನರಳುತ್ತದೆ, ಹಿಂದೆ ರೋಗಿ. ಸಾಕಪ್ಪಾ ಸಾಕು ಅನಿಸದ ದಿನವಿಲ್ಲ.

ಘಟ್ಟದಲ್ಲಿ ಗಾಡಿ ನಿಲ್ಲಬಾರದು ಎಂಬುದೊಂದೇ ಡ್ರೈವರಣ್ಣನ ಹಟ. ಆಯುಧಪೂಜೆಯ ಹಿಂದಿನ ದಿನ ಬೇರೆ ಡ್ರೈವರುಗಳು ಗೊಂಡೆ ಹೂವಿನ ಮಾಲೆ ತರಲು ಹೋದರೆ, ಇವರು ಗಾಡಿಯಡಿ ಮಲಗಿ ಇಂಜಿನ್ ತಣಿಸುವ ದ್ರವವಾದ ಹಳೆಯ ಕೂಲಂಟನ್ನು ಬಕೆಟ್ಟಿಗೆ ಇಳಿಸುತ್ತಿದ್ದರು. ಅದನ್ನು ಚರಂಡಿಗೆ ಚೆಲ್ಲಬಿಡುತ್ತಿರಲಿಲ್ಲ. "ಸಿಹಿ ಇರ್ತದೆ. ನಾಯಿ, ದನ ನೆಕ್ಕಿದ್ರೆ ಸತ್ತೇ ಹೋತವೆ" ಎಂದು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡುತ್ತಿದ್ದರು. ಆಮೇಲೆ ನೀರು ಹಾಕಿ ಇಂಜಿನ್ ಓಡಿಸುವುದು, ತಣಿಸುವುದು, ಇಳಿಸುವುದು. ತಿಳಿನೀರು ಬರುವವರೆಗೂ ಅದೇ ಕೆಲಸ. ಒಮ್ಮೆ ಬದಲಿ ಡ್ರೈವರ್ ಬೇಲೆಕೇರಿಯ ತನ್ನ ಮನೆಯ ಉಪ್ಪು ಬಾವಿಯ ನೀರು ತಂದಿದ್ದ. "ಅಯ್ಯೋ ಮಾರಾಯಾ, ಇದು ಬಾಂಗಡೆ ಮೀನಿನ ಸಾರಿಗೆ ಅಡ್ಡಿಲ್ಲ, ರೇಡಿಯೇಟರಿಗೆ ಅಲ್ಲ!" ಎಂದು ಕೊಡ ಎತ್ತಿ ಅಂಗಳಕ್ಕೆ ಸುರಿದಿದ್ದರು.

ಕೊನೆಗೆ ಹೊಸ ಹಸಿರು ಕೂಲಂಟ್ ಹೊಯ್ದು, ಮುಚ್ಚಳ ಹಾಕದೆಯೇ ಇಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ಬಾಗಿ ನೋಡುತ್ತಿದ್ದರು.

"ಇನ್ನೂ ಎಷ್ಟು ಹೊತ್ತು ಅಣ್ಣಾ?"

"ಗಾಳಿ ಒಳಗೆ ಉಳೀಬಾರ್ದು. ನೀನು ಸಲೈನ್ ಪೈಪಿನ ಗಾಳಿ ತೆಗೀತ್ಯಲ್ಲ, ಹಂಗೇ."

ಹೋದ ವರ್ಷ ಹಬ್ಬ ಕಳೆದು ಕೆಲವೇ ವಾರಕ್ಕೆ, ಒಂದು ಬೆಳಿಗ್ಗೆ ಅವರಿಗೇ ಎದೆನೋವು ಬಂತು. ಅದೇ ಗಾಡಿಯಲ್ಲಿ ಅವರನ್ನೇ ಮಲಗಿಸಿದೆವು. ಬದಲಿ ಡ್ರೈವರ್ ಸ್ಟೇರಿಂಗ್ ಹಿಡಿದ. ಆ ಸುಟ್ಟ ಕೈಯಲ್ಲಿ ನರ ಸಿಗದೆ ಎಡಗೈಗೆ ಸೂಜಿ ಚುಚ್ಚಿದೆ. ಅವರು ಪೈಪನ್ನೇ ನೋಡುತ್ತಿದ್ದರು.

"ಗಾಳಿ ತೆಗ್ದ್ಯಾ?"

"ತೆಗ್ದೆ ಅಣ್ಣಾ."

ಘಟ್ಟದ ನಡುವೆ ಮತ್ತೆ ಕಣ್ಣು ಬಿಟ್ಟರು. "ಗಾಡಿ ಬಿಸಿ ಆಯ್ತಾ?"

ನಾನು ಮುಂದಕ್ಕೆ ಬಗ್ಗಿ ಇಂಜಿನ್ನಿನ ಬಿಸಿ ತೋರಿಸುವ ಮೀಟರ್ ನೋಡಿದೆ. "ಇಲ್ಲ ಅಣ್ಣಾ. ಮುಳ್ಳು ಅರ್ಧದಲ್ಲೇ ಅದೆ."

"ಹಾಂ" ಎಂದರು. ಅದೇ ಕೊನೆಯ ಮಾತು. ಗಾಡಿ ಎಲ್ಲೂ ನಿಲ್ಲಲಿಲ್ಲ. ಯಲ್ಲಾಪುರ ಬರುವ ಮೊದಲೇ ಅವರು ಹೋಗಿಬಿಟ್ಟರು.

ಈಗ ಬದಲಿ ಡ್ರೈವರೇ ಕಾಯಂ. ಈ ವರ್ಷ ಆಯುಧಪೂಜೆಯ ಹಿಂದಿನ ದಿನ ಡ್ಯೂಟಿ ಮುಗಿಸಿ ಹೊರಟಾಗ ಅವನು ಹೊಸ ಕೂಲಂಟ್ ಹೊಯ್ದು ಇಂಜಿನ್ ಚಾಲೂ ಮಾಡಿದ್ದ. ನಾನೂ ಹೋಗಿ ರೇಡಿಯೇಟರಿನ ಮೇಲೆ ಬಾಗಿ ನಿಂತೆ.

"ಸಾಕಲ್ಲ ಸಿಸ್ಟರ್, ಮುಚ್ಚಳ ಹಾಕ್ಲಾ?" ಎಂದ.

"ಇರು ಮಾರಾಯಾ" ಎಂದೆ. "ಇನ್ನೂ ಗುಳ್ಳೆ ಬತ್ತಾ ಅದೆ."