ಗೌಡ್ತಿಗೆ ಕೊಟ್ಟ ಅರ್ಧ ರೊಟ್ಟಿ

ನಿಂಬರ್ಗಾದ ಮಲ್ಕಮ್ಮಗ ಆಸ್ತಿ ಅಂತ ಇದ್ದದ್ದು ಒಂದೇ ಮಾತು: "ನಾ ಗೌಡ್ತಿಗೆ ಉಣಿಸಿದಾಕಿ." ಎಪ್ಪತ್ತರ ಸನೇಕ ಬಂದ್ರೂ ಆ ಮಾತು ಬಿಟ್ಟಿರಲಿಲ್ಲ. ಕಸ ತೆಗಿಯೋ ಹೊಲದಾಗ, ಬಸ್ಸಿನಾಗ, ಬೀಗರ ಮನ್ಯಾಗ, ಎಲ್ಲಿ ಕುಂತ್ರೂ ಒಮ್ಮೆ ಹೇಳಾಕಿನೇ. ಮಗಳು ಸುಂದರಬಾಯಿ, ಶುರುವಾತು ನೋಡ್ರಿ ನಮ್ಮವ್ವನ ಪುರಾಣ ಅಂತ ನಗಾಕಿ. ನಗಲಿ ಬಿಡ್ರಿ. ಇಲ್ಲದಾಕಿ ಇದ್ದಾಕಿಗೆ ಉಣಿಸೋದು ಅಂದ್ರ ಸಣ್ಣ ಮಾತೇನು?

ನಡದದ್ದು ಹಿಂಗ. ನಲವತ್ತೈದು ವರ್ಷದ ಹಿಂದ ಮಲ್ಕಮ್ಮ ಶಾಂತಲಿಂಗಪ್ಪ ಗೌಡರ ವಾಡೇದಾಗ ಬೀಸೋಕಲ್ಲಿಗೆ ಕುಂತು ತೊಗರಿ ಬ್ಯಾಳಿ ಒಡಿಯಾಕ ಹೋಗ್ತಿದ್ಲು. ಗಂಡ ತೀರಿಕೊಂಡಿದ್ದ, ಕೂಸು ಮೂರು ವರ್ಷದ್ದು. ಮನ್ಯಾಗ ಮುಂಜಾನಿ ಅಂಬಲಿ, ಸಂಜಿಗೆ ಜೋಳದ ನುಚ್ಚು. ನುಚ್ಚೂ ಇಲ್ಲದ ದಿನ ಬದುವಿನ ಮ್ಯಾಲಿನ ಹಕ್ಕರಕಿ ಸೊಪ್ಪು, ಎರಡು ಹಳ್ಳು ಉಪ್ಪು. ರೊಟ್ಟಿ ಕಾಣೋದು ವಾಡೇದಾಗ ಅಷ್ಟೇ. ಮಧ್ಯಾಹ್ನ ಕೂಲಿ ಹೆಣ್ಣಮಕ್ಕಳಿಗೆ ತಲಿಗೆ ಎರಡು ತಂಗಳ ರೊಟ್ಟಿ, ಪುಂಡಿಪಲ್ಯ. ಮಲ್ಕಮ್ಮ ಒಂದು ಉಂಡು, ಇನ್ನೊಂದು ಕೂಸಿಗಂತ ಸೆರಗಿನಾಗ ಕಟಗೊಳ್ತಿದ್ಲು.

ಗೌಡರ ಸೊಸಿ, ಸಣ್ಣ ಗೌಡ್ತಿ ವಿದ್ಯಾವತಿ, ಮಲ್ಕಮ್ಮನ ವಾರಿಗೀದಾಕಿ, ಒಂದೇ ವಯಸ್ಸು. ರೊಟ್ಟಿ ಹಂಚಿ ಮುಗಿದ ಮ್ಯಾಲ ಹೊಸ್ತಿಲ ಒಳಗ ಬಂದು ಕೂಡಾಕಿ. ತುಟಿ ಒಣಗಿ ಬೆಳ್ಳಗಾಗಿರ್ತಿದ್ವು. ಇನ್ನೊಂದು ರೊಟ್ಟಿ ಕೇಳಬೇಕಂದವರು ಆ ತುಟಿ ನೋಡಿ ಸುಮ್ಮನಾಗ್ತಿದ್ರು. ಮಾವ ಉಂಡ್ರು, ಗಂಡಸರು ಉಂಡ್ರು, ಆಳುಮಕ್ಕಳು ಉಂಡ್ರು, ನಮಗೇನು ಉಳೀತೈತಿ ಅಂತ ಆಕಿ ಉಸಿರು ಬಿಟ್ರ ಮಲ್ಕಮ್ಮ ತುತ್ತು ಕೈಯಾಗ ಹಿಡಕೊಂಡೇ ಆಕಿ ಮುಖ ನೋಡಾಕಿ. ವಾಡೇದಾಗ ಇದ್ರೇನು, ಗುಡಿಸಲದಾಗ ಇದ್ರೇನು, ಕಡೀಕ ಉಣ್ಣಾಕಿ ಹೆಣ್ಣೇ ಅಂದುಕೊಂಡ್ಲು. ಬೆಳ್ಳಗಿದ್ದದ್ದೆಲ್ಲಾ ಹಾಲು ಅಂತ ನಂಬೋ ಜೀವ ಅದು. ಒಂದಿನ ಸೆರಗಿನ ಗಂಟು ಬಿಚ್ಚಿ, ರೊಟ್ಟಿ ಮುರದು, ಅರ್ಧ ಹೊಸ್ತಿಲ ಮ್ಯಾಲ ಇಟ್ಲು. ವಿದ್ಯಾವತಿ ಬ್ಯಾಡ ಬ್ಯಾಡ ಅಂದು, ಆಮ್ಯಾಲ ತಗೊಂಡು ಒಳಗ ಹೋದ್ಲು.

ಅವತ್ತಿನಿಂದ ನಾಕು ವರ್ಷ, ಕೆಲಸ ಇದ್ದ ದಿನೆಲ್ಲಾ ಅರ್ಧ ಗೌಡ್ತಿಗೆ, ಅರ್ಧ ಕೂಸಿಗೆ. ಸಂಜಿಕೆ ಕೂಸು ಸೆರಗು ಜಾಡಿಸಿ, ಇನ್ನರ್ಧ ಎಲ್ಲಿ ಅಂತ ಅಳೋದು. ವಾಡೇದ ಅಕ್ಕಾರೂ ಹಸದಾರವಾ ಅಂತ ಮಲ್ಕಮ್ಮ ಸಮಾಧಾನ ಮಾಡಾಕಿ.

ಈ ವರ್ಷ ಆಳಂದದಾಗ ತಸ್ಲೀಮ ಅನ್ನೋ ಕಾಲೇಜಿನ ಮೇಡಂ, ಹಿಂದಿನ ಕಾಲಕ್ಕ ಹೆಣ್ಣಮಕ್ಕಳು ಏನು ಉಣ್ತಿದ್ರು ಅಂತ ತೋರಿಸಾಕ ಒಂದು ಕಾರ್ಯಕ್ರಮ ಇಟ್ಟಿದ್ರು. ಒಂದು ಕಡೆ ದೊಡ್ಡ ಮನಿಯವರ ಹೋಳಿಗಿ, ತುಪ್ಪ, ಬಾಣಂತಿಯರ ಅಂಟಿನ ಉಂಡಿ. ಇನ್ನೊಂದು ಕಡೆ, ಮೇಡಂ ಕರಸಿ ಒಲಿ ಮುಂದ ಕುಂದ್ರಿಸಿದ್ದ ಮಲ್ಕಮ್ಮನ ಅಂಬಲಿ, ನುಚ್ಚು, ಹಕ್ಕರಕಿ, ಹಂಚಿನ ಮ್ಯಾಲಿನ ರೊಟ್ಟಿ. ಸುಂದರಬಾಯಿ ಪಕ್ಕದಾಗ ಕುಂತು ಹಿಟ್ಟು ನಾದಿ ಕೊಡಾಕತ್ತಿದ್ಲು. ವಿದ್ಯಾವತಿ ಅಕ್ಕಾರೂ ಬಂದು ಮಾತಾಡ್ತಾರಂತ ಕೇಳಿ ಮಲ್ಕಮ್ಮ ಪೆಟ್ಟಿಗ್ಯಾಗಿನ ಇಳಕಲ್ ಸೀರಿ ಉಟಗೊಂಡು ಬಂದಿದ್ಲು. ಇವತ್ತ ಮೈಕಿನಾಗ ನನ್ನ ಹೆಸರು ಬರ್ತೈತಿ ನೋಡು ಅಂತ ಮಗಳಿಗೆ ಎರಡು ಸಲ ಹೇಳಿದ್ಲು.

ವಿದ್ಯಾವತಿ ಮೈಕ್ ಹಿಡದು, ತನ್ನ ಅತ್ತಿ ಕಲಿಸಿದ ಉಪಾಯ ಅಂತ ನಕ್ಕೋತ ಹೇಳಿದ್ಲು. ಆಳುಗಳು ಉಣ್ಣಾಕ ಬರೋ ಮೊದಲೇ ಒಳಗಿನ ಹೆಣ್ಣಮಕ್ಕಳು ಬಿಸಿ ರೊಟ್ಟಿ, ಬೆಣ್ಣಿ, ಕೆನಿ ಮೊಸರು ಉಂಡು ಮುಗಿಸಬೇಕು. ಬಾಯಿ ಒರಿಸಿಕೊಂಡು, ತುಟಿಗೆ ಚೂರು ಜೋಳದ ಹಿಟ್ಟು ಸವರಿಕೊಂಡು, ಹಸದವರಂಗ ಹೊಸ್ತಿಲದಾಗ ಕೂಡಬೇಕು. ಆಗ ಯಾರೂ ಇನ್ನೊಂದು ರೊಟ್ಟಿ ಕೇಳಂಗಿಲ್ಲ. ಮಂದಿ ಗೊಳ್ಳಂತ ನಕ್ಕರು.

"ಒಬ್ಬಾಕಿ ಹುಚ್ಚಿ ಅಂತೂ ತನ್ನ ರೊಟ್ಟ್ಯಾಗ ಅರ್ಧ ನನಗ ಕೊಡ್ತಿದ್ಲರಿ," ಅಂದ್ಲು ವಿದ್ಯಾವತಿ. "ಅವರ ಸೆರಗಿನಾಗಿಂದು ನಾವೆಲ್ಲಿ ಉಣ್ಣೋದು? ನಮ್ಮ ಎಮ್ಮಿ ಅದನ್ನೇ ತಿಂದು ದಪ್ಪಾತು."

ಚಪ್ಪಾಳಿ ಬಿದ್ದವು. ಮಲ್ಕಮ್ಮನ ರೊಟ್ಟಿ ಹಂಚಿನ ಮ್ಯಾಲೇ ಹೊತ್ತಿಹೋತು. ಹೆಸರು ಬರ್ತೈತಿ ಅಂದಿದ್ಲಲ್ಲ, ಹುಚ್ಚಿ ಅಂತ ಬಂತು. ಆ ಹಸಿವು ಸುಳ್ಳು, ಆ ಉಸಿರು ಸುಳ್ಳು, ನಲವತ್ತೈದು ವರ್ಷ ಊರೆಲ್ಲಾ ಹೇಳ್ಕೊಂಡು ಬಂದ ಹೆಮ್ಮಿ ಸುಳ್ಳು. ಕೂಸಿನ ಬಾಯಾಗಿಂದು ಕಸದು ಎಮ್ಮಿಗೆ ಹಾಕಿದೆನಲ್ಲಾ ಅಂದುಕೊಂಡ್ಲು. ಉಂಡ ಮನಿಗೆ ಎರಡು ಬಗೀಬಾರದಂತಾರ ಹಿರಿಯರು. ಉಣಿಸಿದಾಕಿಗೇ ಎರಡು ಬಗದವರಿಗೆ ಏನಂತಾರೋ, ಅದನ್ನ ಮಾತ್ರ ಯಾರೂ ಹೇಳಿಲ್ಲ.

ಮಾತು ಮುಗಿಸಿ ವಿದ್ಯಾವತಿ, ಮೇಡಂ ಮತ್ತ ಫೋಟೋದವರ ಜೋಡಿ ಈ ಕಡೆ ಬಂದ್ಲು. ಮಲ್ಕಮ್ಮನ ಗುರುತು ಹಿಡದು, ಮುಖ ಒಂಚೂರು ಸಣ್ಣದಾದ್ರೂ ನಗು ಬಿಡಲಿಲ್ಲ. ಹಳೇದೆಲ್ಲಾ ನೆನಪಾತು ಮಲ್ಕಿ, ಒಂದು ಅರ್ಧ ರೊಟ್ಟಿ ಕೊಡು, ಫೋಟೋ ತಗೀತಾರ ಅಂತ ಕೈ ಚಾಚಿದ್ಲು.

ಮಲ್ಕಮ್ಮ ಆಮ್ಯಾಲ ಬಡದು ಹಾಕಿದ್ದ ಬಿಸಿ ರೊಟ್ಟಿ ಹಂಚಿನ ಮ್ಯಾಲಿಂದ ತೆಗದ್ಲು. ಕೈ ರೂಢಿಯಂಗ ಅದನ್ನ ಎರಡು ಮಾಡ್ತು. ಒಂದರ ಮ್ಯಾಲೊಂದು ಎರಡೂ ತುಂಡು ಇಟ್ಟು ಮಗಳ ಕೈಗೆ ಕೊಟ್ಲು.

"ಅಕ್ಕಾರ, ಆ ಅರ್ಧ ಈಕೀದಿತ್ರಿ," ಅಂದ್ಲು. "ದಿನಾ ಸಂಜಿಕೆ ಕೇಳ್ತಿದ್ಲರಿ, ಎಲ್ಲಿ ಅಂತ."

ಸುಂದರಬಾಯಿ ಈ ಸಲ ನಗಲಿಲ್ಲ. ನಲವತ್ತೆಂಟರ ಹೆಣ್ಣಮಗಳು, ಹಿಟ್ಟಿನ ಕೈಲೇ ಹಿಡಕೊಂಡು ಎಲ್ಲರ ಮುಂದ ಉಂಡ್ಲು. ಮುಗಿಯೋ ತನಕ ಮಲ್ಕಮ್ಮ ಇನ್ನೊಂದು ರೊಟ್ಟಿ ಬಡೀಲಿಲ್ಲ, ವಿದ್ಯಾವತಿಯ ಚಾಚಿದ ಕೈ ಮೆಲ್ಲಕ ಸೆರಗಿನೊಳಗ ಹೋತು.

ಅವತ್ತಿನಿಂದ ಮಲ್ಕಮ್ಮ ತಾನಾಗೇ ಆ ಮಾತು ಎತ್ತಿಲ್ಲ. ಬಸ್ಸಿನಾಗ ಯಾರಾದ್ರೂ ಕೆದಕಿ, ಗೌಡ್ತಿಗೆ ಉಣಿಸಿದ ಕತಿ ಹೇಳಬೇ ಮಲ್ಕಮ್ಮ ಅಂದ್ರ, ಎಮ್ಮಿಗೆ ಹಾಕಿದ್ದೆ ಅಂತ ಹೇಳಿ ಕಿಡಕಿ ಕಡೆ ಮುಖ ತಿರುವತಾಳ.