ಆಮೆನ್ ಅಂದ ಮೇಲೆ

ನೆನೆಹಾಕಿದ ಅವರೆಕಾಳು ಹಿತುಕುತ್ತ ಅಡುಗೆಮನೆಯ ಹೊಸಲಿನ ಹತ್ತಿರ ಕೂತಿದ್ದೆ. ನಾಗಮಂಗಲದ ಪ್ರಾರ್ಥನಾ ಕೂಟ ಮುಗಿಸಿ ಬಂದ ಮಾರನೆಯ ದಿನ. ಎರಡು ದಿನ ಅವರಿವರ ಮನೆಯಲ್ಲಿ ಉಂಡು ಬಂದ ಮಕ್ಕಳು ನಮ್ಮನೆ ಸಾರೇ ಆಗಬೇಕು ಅಂದಿದ್ದವು. ಹಿರಿಮಗಳು ಎದುರಿಗೆ ಕೂತು ಸಿಪ್ಪೆ ಬೇರೆ ಮಾಡುತ್ತಿದ್ದಳು. ಫೋನು ಬಂತು. ಕೈ ಜಿಡ್ಡಾಗಿದ್ದರಿಂದ ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಸ್ತೋತ್ರ ಅಕ್ಕ," ಅಂದಳು ಆ ಕಡೆಯವಳು. ನಮ್ಮ ಕ್ರೈಸ್ತ ಸಭೆಯಲ್ಲಿ ನಮಸ್ಕಾರದ ಬದಲು ಅನ್ನುವುದೇ ಅದು. ಶೀಳನೆರೆ ಹತ್ತಿರದ ಹಳ್ಳಿಯವಳು. ಅವಳ ಮಗಳಿಗೆ ಮೂರು ವರ್ಷದಿಂದ ನಾವು ಪಾಠ ಹೇಳುತ್ತಿದ್ದೆವು.

"ಸ್ತೋತ್ರ ಕಣವ್ವ. ಏನ್ ಇಷ್ಟೊತ್ನಲ್ಲಿ?"

"ಮದ್ವೆ ಆಗೋಯ್ತು ಕಣಕ್ಕ."

ಯಾರದು ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ.

"ನಮ್ ಉಡ್ಗೀದು. ನೆನ್ನೆ ಒತ್ತಾರೆ. ಅವ್ಳ ಸೋದರತ್ತೆ ಊರಲ್ಲೇ ತಾಳಿ ಕಟ್ಟುಸ್ಬುಟ್ರು. ನಂಗೂ ಶನಿವಾರ ರಾತ್ರಿನೇ ಗೊತ್ತಾಗಿದ್ದು. ಫೋನ್ ಕಿತ್ಕಂಡ್ಬುಟ್ಟಿದ್ರು ಅಕ್ಕ. ಈಗ ಡೇರಿತಾವ್ ನಿಂತ್ಕಂಡು ಇನ್ಯಾರ್ದೋ ಫೋನಲ್ಲಿ ಮಾತಾಡ್ತಾವ್ನಿ. ಮಡಗ್ತೀನಿ."

ಮಗಳ ಕೈಯಲ್ಲಿದ್ದ ಸಿಪ್ಪೆ ಕೈಯಲ್ಲೇ ಇತ್ತು. ನನ್ನ ಮುಖ ನೋಡಿದಳು, ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ನಾವಿರುವುದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, ಬಾಡಿಗೆ ಮನೆ. ನನ್ನ ಗಂಡ ಮೊದಲು ಖಾಸಗಿ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಹಿರಿಮಗಳಿಗೆ ಚಿಕ್ಕಂದಿನಲ್ಲಿ ಉಬ್ಬಸ ಜಾಸ್ತಿ, ತಿಂಗಳಲ್ಲಿ ಹದಿನೈದು ದಿನ ಶಾಲೆಗೆ ಹೋಗುತ್ತಿರಲಿಲ್ಲ. ಮನೆಯಲ್ಲಿ ನಾನು ಸೊಪ್ಪು ಸೋಸುತ್ತ ಹೇಳಿಕೊಟ್ಟದ್ದೇ ಅವಳಿಗೆ ಚೆನ್ನಾಗಿ ಹತ್ತಿತು. ಪ್ರಾರ್ಥನೆ ಮಾಡಿ, ಯೋಚನೆ ಮಾಡಿ, ಅವಳನ್ನೂ ಆಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳನ್ನೂ ಮನೆಯಲ್ಲೇ ಓದಿಸಿದೆವು. ಇವರು ಕೆಲಸ ಬಿಟ್ಟು ಟ್ಯೂಷನ್ ಹಿಡಿದರು. "ಯಾಕವ್ವ, ಫೀಜು ಕಟ್ಟಕ್ ಆಗ್ನಿಲ್ವಾ?" ಅಂತ ನಮ್ಮ ಬೀದಿಯವರು ಕೇಳುತ್ತಿದ್ದರು. ಮಗಳು ಮುಕ್ತ ಶಾಲೆಯ ಕಡೆಯಿಂದ ಹತ್ತನೇ ತರಗತಿ ಒಳ್ಳೆ ನಂಬರಲ್ಲಿ ಪಾಸಾದ ಮೇಲೆ ಕೇಳುವುದು ನಿಂತಿತು. ಅದಕ್ಕೂ ದೇವರಿಗೆ ಸ್ತೋತ್ರ ಅಂದುಕೊಂಡೆ.

ನಮ್ಮ ಸಭೆಯವರು ಒಂದು ಸಲ ಇದನ್ನೇ ಸಾಕ್ಷಿಯಾಗಿ ಹೇಳಿ ಅಂದರು. ಆಮೇಲೆ ಪಾಂಡವಪುರದವರು ಕರೆದರು, ಕೆ.ಆರ್. ಪೇಟೆಯವರು ಕರೆದರು. ಕರೆಯೋಲೆಯಲ್ಲಿ ಕುಟುಂಬ ಸಮ್ಮೇಳನ ಅಂತಲೇ ಹಾಕಿಸುತ್ತಾರೆ. ಹೋಗಿ ನೋಡಿದರೆ ಒಂದು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕುಂಯ್ಯೋ ಅನ್ನುವ ಮೈಕು, ಮಧ್ಯಾಹ್ನಕ್ಕೆ ಟೊಮ್ಯಾಟೊ ಬಾತು. ನಮ್ಮ ಹಳೇ ವ್ಯಾನಿನಲ್ಲಿ ಐದೂ ಜನ ಹೋಗುತ್ತೇವೆ. ಇವರು ಮಾತಾಡುತ್ತಾರೆ, ಮಗಳು ತಾನು ಹೇಗೆ ಓದಿದೆ ಅಂತ ಹೇಳುತ್ತಾಳೆ, ಗಂಡುಮಕ್ಕಳು ಹಾಡುತ್ತಾರೆ. ಕೊನೆಗೆ ಹೆಂಗಸರಿಗೆ ನನ್ನ ಮಾತು. ಇವರ ತಮಾಷೆಗಳೆಲ್ಲ ಹುಡುಗರಿಗೆ ಬಾಯಿಪಾಠ. ಮುಂದಿನ ಸಾಲಿನಲ್ಲಿ ಕೂತು ಇವರಿಗಿಂತ ಮುಂಚೆಯೇ ತುಟಿ ಆಡಿಸಿ ನನ್ನಿಂದ ಚಿವುಟಿಸಿಕೊಳ್ಳುತ್ತಾರೆ.

ಈಗ ಮದುವೆಯಾದ ಆ ಹುಡುಗಿಯ ಅಪ್ಪ ನಮಗೆ ಸಿಕ್ಕಿದ್ದು ಕೆ.ಆರ್. ಪೇಟೆಯ ಕೂಟದಲ್ಲಿ. ಒಳ್ಳೆ ಜಮೀನಿರುವ ಒಕ್ಕಲು ಮನೆತನ. ಕಬ್ಬು, ನಾಲ್ಕು ಸೀಮೆಹಸು. ಹೆಂಡತಿಯ ಕಾಯಿಲೆ ವಾಸಿಯಾದ ಮೇಲೆ ಪ್ರಾರ್ಥನೆಗೆ ಬರಲು ಶುರು ಮಾಡಿದ್ದ. ಅವತ್ತು ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಹೋದ. ಮುಂದಿನ ಸಲ ನಾವು ಆ ಕಡೆ ಹೋದಾಗ ವ್ಯಾನಿನ ಹತ್ತಿರ ಬಂದು, "ನಮ್ ಉಡ್ಗೀನೂ ಇಸ್ಕೂಲ್ ಬುಡುಸ್ಬುಟ್ಟೆ ಮೇಷ್ಟ್ರೇ, ನೀವ್ ಯೋಳ್ದಂಗೆ," ಅಂದ. ಮುಖದಲ್ಲಿ ಎಂಥ ಹಿಗ್ಗು!

ನಾವು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೇಳಿಕೊಡುವವರು ಮನೆಯಲ್ಲಿ ಯಾರಿದ್ದಾರೆ ಅಂತ ಇವರು ಕೇಳಿದರು. "ನೀವ್ ಇಲ್ವಾ?" ಅಂದ.

ಹೀಗೆ ಅವಳು ನಮ್ಮ ಪಾಲಿಗೆ ಬಂದಳು. ನನ್ನ ಮಗಳ ವಾರಿಗೆಯವಳು, ವಯಸ್ಸಲ್ಲಿ ಕೆಲವೇ ತಿಂಗಳು ಚಿಕ್ಕವಳು. ಆ ಕಡೆ ಕೂಟಕ್ಕೆ ಹೋದಾಗಲೆಲ್ಲ ಅವರ ಮನೆಯಲ್ಲಿ ನಿಲ್ಲುತ್ತಿದ್ದೆವು, ಮಿಕ್ಕ ದಿನ ಫೋನಲ್ಲೇ ಪಾಠ. ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದು ಕೂರುತ್ತಿದ್ದಳು. ಅವಳಿಗೆ ದಶಮಾಂಶ ಹತ್ತಲೇ ಇಲ್ಲ, ಡೇರಿಯವರು ದರ ಕಟ್ಟುವ ಹಾಲಿನ ಫ್ಯಾಟು ಹೇಳಿ ಲೆಕ್ಕ ಕೊಟ್ಟ ದಿನ ತಟಕ್ಕನೆ ಹತ್ತಿತು. ಆಮೇಲೆ ಹಾಲಿನ ಬಟವಾಡೆ ಬರುವ ಮುಂಚೆಯೇ ಎಷ್ಟು ಬರುತ್ತೆ ಅಂತ ಅಪ್ಪನಿಗೆ ಹೇಳಿಬಿಡೋಳು. ಇವರು ಅದನ್ನು ಎಲ್ಲ ಕೂಟದಲ್ಲೂ ಹೇಳುತ್ತಿದ್ದರು. ಪಾಂಡವಪುರದಲ್ಲಿ ಒಂದು ಸಲ ಅವಳನ್ನೇ ಕರೆದುಕೊಂಡು ಹೋಗಿ ಸ್ಟೇಜು ಹತ್ತಿಸಿದ್ದೆವು. ಮೈಕು ಹಿಡಿದು, "ನಂಗೆ ಬಾಸಣ ಬರಾಕಿಲ್ಲ, ಲೆಕ್ಕ ಕೇಳಿ," ಅಂದಳು. ಜನ ಬಿದ್ದು ಬಿದ್ದು ನಕ್ಕರು. ಈ ಏಪ್ರಿಲಿಗೆ ಅವಳ ಹತ್ತನೇ ಕ್ಲಾಸಿನ ಪರೀಕ್ಷೆ. ಅರ್ಜಿ ಹಾಕಿ ಆಗಿತ್ತು.

ಸಂಕ್ರಾಂತಿ ಕಳೆದ ವಾರ ಅವಳ ತಾಯಿ ಫೋನು ಮಾಡಿ, ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ, ಒಂದು ಸಲ ಬಂದು ಹೋಗಿ ಅಂದಳು. ನಾಗಮಂಗಲದ ಕೂಟ ಭಾನುವಾರ ಇತ್ತು. ಶನಿವಾರವೇ ಹೊರಟು ಕೆ.ಆರ್. ಪೇಟೆ ಮೇಲೆ ಬಳಸಿಕೊಂಡು ಹೋದೆವು. ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ತಡವಾಯಿತು.

ಮನೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಏನು ವಿಶೇಷ ಅಂದೆ. "ಅಬ್ಬಕ್ಕೆ ಒಡ್ಸಿದ್ದು ಬುಡಿ ಅಕ್ಕ," ಅಂದ ಅವಳ ಅಪ್ಪ. ಚಾಪೆ ಹಾಸಿದ, ಎಳನೀರು ಕೆತ್ತಿಕೊಟ್ಟ. ಇವರು ಸುತ್ತಿ ಬಳಸದೆ ಮದುವೆಯ ಮಾತು ಎತ್ತಿದರು.

"ಮಾತಾಡ್ತಾವ್ರೆ ಮೇಷ್ಟ್ರೇ. ನಮ್ಮಕ್ಕನ್ ಮಗ. ಆಲಿನ್ ಗಾಡಿ ಓಡುಸ್ತಾನೆ. ಕುಡಿಯಾಕಿಲ್ಲ, ಬೀಡಿ ಸೇದಾಕಿಲ್ಲ."

"ಹುಡುಗನ ಮಾತಲ್ಲಪ್ಪ. ಅವಳಿಗಿನ್ನೂ ಹದಿನಾರು. ಕಾನೂನು ಒಪ್ಪಲ್ಲ. ಪರೀಕ್ಷೆ ಬೇರೆ ಹತ್ತಿರ ಬಂತು."

"ಪರೀಕ್ಷೆ ಬರ್ದು ಡೀಸಿ ಆಯ್ತಾಳಾ? ನೀವೇ ಯೋಳುದ್ರಲ್ಲ, ಇಸ್ಕೂಲ್ಗಿಂತ ಮನೆ ದೊಡ್ಡದು, ಮನೇಲಿಟ್ಕಂಡು ಕಲ್ಸಿ ಅಂತ. ಇಟ್ಕಂಡೆ. ಹಟ್ಟಿ ಕೆಲ್ಸ ಎಲ್ಲ ಕಲ್ತವ್ಳೆ. ಕಲ್ತ ಉಡ್ಗೀನ ಇನ್ನೆಷ್ಟ್ ದಿನ ಮನೇಲಿ ಕುಂಡ್ರುಸ್ಕಳದು?"

ನೂರಾರು ಜನರ ಮುಂದೆ ನಿಂತು ಮಾತಾಡುವ ನನ್ನ ಗಂಡ ಕೈಯಲ್ಲಿದ್ದ ಎಳನೀರಿನ ಲೋಟ ನೋಡುತ್ತ ಕೂತರು. ಅವನೇ ದನಿ ತಗ್ಗಿಸಿದ.

"ಪ್ರಾರ್ಥನೆಗೆ ಬಂದಾಗ್ನಿಂದ ನಮ್ಮೋರು ನಮ್ಮನೇಲಿ ನೀರ್ ಕುಡಿಯಾಕಿಲ್ಲ ಮೇಷ್ಟ್ರೇ. ನಮ್ಮಕ್ಕ ಒಬ್ಳು ಮನಸ್ ಮಾಡಿ ಎಣ್ ಕೇಳ್ಕಂಡ್ ಬಂದವ್ಳೆ. ಇದ್ನೂ ಬುಟ್ರೆ ನನ್ ಮಗಳ್ನ ಯಾರ್ ಮಾಡ್ಕತ್ತಾರೆ? ನಿಮ್ ಸಬೇಲಿ ಗಂಡ್ ಐತಾ? ತೋರುಸಿ."

ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ.

ಹುಡುಗಿಯರಿಬ್ಬರೂ ವ್ಯಾನಿನ ಮೆಟ್ಟಿಲ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದರು. "ನೀನ್ ದಪ್ಪ ಆಗಿದೀಯ ಕಣೇ," ಅನ್ನುತ್ತಿದ್ದಳು ನನ್ನ ಮಗಳು. "ಊಂ, ಕೂಟಕ್ ಕೂಟ ತಿರುಕ್ಕಂಡು ಬಾತ್ ತಿನ್ನೋಳು ನೀನು, ದಪ್ಪ ಆಗಾದು ನಾನಾ?" ಅಂದಳು ಆ ಹುಡುಗಿ. ನಾನು ಲೋಟ ಇಡಲು ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದಳು.

"ಅಕ್ಕ, ಅಪ್ಪಂಗೆ ಪರೀಕ್ಷೆ ಗಂಟ ತಡ್ಕೋ ಅಂತ ಯೋಳಿ. ಆಮ್ಯಾಕೆ ಏನಾರ ಮಾಡ್ಕಳ್ಳಿ."

ಅವಳು ಕೇಳಿದ್ದು ಅಷ್ಟೇ. ಏಪ್ರಿಲಿನವರೆಗೆ.

ಹೊರಡುವ ಮುಂಚೆ ಪ್ರಾರ್ಥನೆ ಮಾಡಿದೆವು. ಅವಳ ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಮಡಚಿಟ್ಟು ಮೊಣಕಾಲೂರಿದ. ಇವರು ಬಿಡಿಸಿ ಬಿಡಿಸಿ ಬೇಡಿದರು: ಈ ಮಗಳು ಓದಲಿ ಕರ್ತನೇ, ವಯಸ್ಸು ತುಂಬುವವರೆಗೆ ಈ ಮದುವೆ ತಡೆಯಲಿ, ಈ ತಂದೆಗೆ ಧೈರ್ಯ ಕೊಡು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನು ಅವನೇ. ಎದ್ದಾಗ ಕಣ್ಣು ಒದ್ದೆಯಾಗಿತ್ತು. "ಆಯ್ತು ಬುಡಿ ಮೇಷ್ಟ್ರೇ, ದೇವ್ರು ನಡುಸ್ದಂಗೆ," ಅಂತ ಹೇಳಿ ವ್ಯಾನಿಗೆ ಎರಡು ಅಚ್ಚು ಬೆಲ್ಲ ಹಾಕಿದ.

ನಮ್ಮಲ್ಲಿ ಪ್ರಾರ್ಥನೆಗೆ ಆಮೆನ್ ಅಂದರೆ ದೇವರ ಮುಂದೆ ಮಾತು ಕೊಟ್ಟ ಹಾಗೆ. ಕಾಗದ ಕೇಳುವುದಿಲ್ಲ, ಸಾಕ್ಷಿ ಕೇಳುವುದಿಲ್ಲ. ಹುಟ್ಟಿದಾಗಿನಿಂದ ನಾನು ಹಾಗೇ ನಂಬಿದವಳು. ಊರು ದಾಟುವಾಗ ಮನಸ್ಸು ಎಷ್ಟು ಹಗುರ ಇತ್ತು ಅಂದರೆ, ಹಾಡು ಹೇಳಿಕೊಡಿ ಅಂತ ಹುಡುಗರು ಕೇಳಿದಾಗ ಹೇಳಿಕೊಟ್ಟೆ.

ಮಗಳು ಮಾತ್ರ ಹಾಡಲಿಲ್ಲ. "ಅಪ್ಪ, ಮಕ್ಕಳ ಸಹಾಯವಾಣಿಗೆ ಒಂದು ಫೋನ್ ಮಾಡಿಬಿಡೋಣ," ಅಂದಳು.

"ಪ್ರಾರ್ಥನೇಲಿ ಒಪ್ಪಿಕೊಂಡೋರ ಮನೆಗೆ ಪೊಲೀಸ್ ಕಳಿಸೋದಾ? ಆಮೇಲೆ ಅವನು ಸಭೆ ಕಡೆ ತಲೆ ಹಾಕ್ತಾನಾ?"

"ಅವರು ಆಮೆನ್ ಅಂದ್ರು ಅಪ್ಪ. ಮದುವೆ ಮಾಡಲ್ಲ ಅಂತ ಅನ್ನಲೇ ಇಲ್ಲ."

"ಹಂಗೆಲ್ಲ ಅನುಮಾನ ಪಡಬಾರದಮ್ಮ," ಅಂದದ್ದು ನಾನು. ಅವಳು ಕಿಟಕಿ ಕಡೆ ತಿರುಗಿ ಕೂತಳು.

ನಾಗಮಂಗಲದಲ್ಲಿ ಜನ ಚೆನ್ನಾಗಿ ಸೇರಿದ್ದರು. ಭಾನುವಾರ ಬೆಳಗಿನ ಆರಾಧನೆ ಆದ ಮೇಲೆ ಇವರ ಮಾತು. ಹಾಲಿನ ಫ್ಯಾಟು ಹೇಳಿ ದಶಮಾಂಶ ಕಲಿತ ಹುಡುಗಿಯ ಕತೆಗೆ ಯಾವತ್ತಿನಂತೆ ಚಪ್ಪಾಳೆ ಬಿತ್ತು. ನಿನ್ನೆ ತಾನೇ ಆ ಮನೆಯಲ್ಲಿ ದೇವರು ಮಾಡಿದ ಕಾರ್ಯವನ್ನೂ ಇವರು ಸೇರಿಸಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಊಟಕ್ಕೆ ಒಬ್ಬಟ್ಟು ಮಾಡಿದ್ದರು. ನಾನು ಬೇಡ ಬೇಡ ಅನ್ನುತ್ತಲೇ ಇನ್ನೊಂದು ಹಾಕಿಸಿಕೊಂಡು ತುಪ್ಪ ಬಿಡಿಸಿಕೊಂಡೆ. ಅಷ್ಟು ಹೊತ್ತಿಗೆ ಅವಳ ಕೊರಳಿಗೆ ತಾಳಿ ಬಿದ್ದಾಗಿತ್ತು.

ಬರುವಾಗ ಹುಡುಗರು ತೂಕಡಿಸುತ್ತಿದ್ದರು ಅಂತ ನೆಟ್ಟಗೆ ಪಾಂಡವಪುರದ ದಾರಿ ಹಿಡಿದು ಬಂದೆವು. ಆ ಊರಿನ ಕಡೆ ಹೋಗಲಿಲ್ಲ.

ಸೋಮವಾರ ಆ ಫೋನು ಬಂದಾಗ ಇವರು ಟ್ಯೂಷನ್ನಿಗೆ ಹೋಗಿದ್ದರು. ಬಂದ ಮೇಲೆ ಹೇಳಿದೆ. ಚಪ್ಪಲಿ ಬಿಚ್ಚುವುದನ್ನು ಮರೆತು ನಡುಮನೆಗೆ ಬಂದು ನಿಂತರು. "ಆಮೆನ್ ಅಂದನಲ್ಲೇ," ಅಂದರು. ಅವರ ಆ ದನಿಯನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಅವನು ಸುಳ್ಳು ಹೇಳಿದ ಅಂತ ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಅತ್ತದ್ದೂ ನಿಜವೇ ಇರಬೇಕು. ನಾವಿದ್ದಾಗ ದೇವರಿಗೆ ಹೆದರಿದ, ನಾವು ಹೋದ ಮೇಲೆ ಅಕ್ಕನಿಗೆ ಹೆದರಿದ. ಅವನ ಎರಡು ಹೆದರಿಕೆಯ ಮಧ್ಯೆ ನಮ್ಮ ಹುಡುಗಿ ಹೋದಳು.

ಮಗಳು ಬಾಗಿಲು ತೆಗೆದು ಬಂದಳು. ಮೂಗು ಕೆಂಪಾಗಿತ್ತು. ಆ ಹುಡುಗಿಯ ಫೋನಿಗೆ ಹತ್ತಾರು ಸಲ ಮಾಡಿದ್ದಳಂತೆ, ಆಫಾಗಿತ್ತು. ಅಪ್ಪನನ್ನು ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿಲ್ಲ. ಸಹಾಯವಾಣಿಯ ನಂಬರು ಒತ್ತಿ ಫೋನನ್ನು ಅವರ ಕೈಗೆ ಕೊಟ್ಟಳು. "ಈಗಲಾದ್ರೂ ಮಾತಾಡಿ ಅಪ್ಪ. ಅವಳ ಕತೆ ಮಾತ್ರ ಇನ್ಮೇಲೆ ಮೈಕಲ್ಲಿ ಹೇಳ್ಬೇಡಿ."

ಇವರು ಊರಿನ ಹೆಸರು ಹೇಳಿದರು, ಹುಡುಗಿಯ ವಯಸ್ಸು ಹೇಳಿದರು, ಗಂಡಿನ ಊರು ಕೆ.ಆರ್. ಪೇಟೆ ತಾಲ್ಲೂಕೇ ಅಂದರು. ಆ ಕಡೆಯವರು ಸಮಾಧಾನವಾಗಿಯೇ ಕೇಳುತ್ತಿದ್ದರು. ಹುಡುಗಿಗೆ ನೀವು ಏನಾಗಬೇಕು ಅಂದಾಗ ಇವರು ಮಗಳ ಕಡೆ ನೋಡಿದರು.

"ಮೇಷ್ಟ್ರು," ಅಂದರು.

ನಾಳೆ ಹೋಗಿ ನೋಡುತ್ತೇವೆ ಅಂದರಂತೆ. ಹೋಗುತ್ತಾರೆ, ಕೇಳುತ್ತಾರೆ. ಕಟ್ಟಿದ ಮೇಲೆ ಹೋಗುವುದಕ್ಕೂ ಕಟ್ಟುವ ಮುಂಚೆ ಹೋಗುವುದಕ್ಕೂ ಇರುವ ಅಂತರ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಿನದ ಕೊನೆಗೆ ದೇವರು ಮಾಡಿದ ಚಿಕ್ಕ ಚಿಕ್ಕ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಗೋಡೆಗೆ ಒರಗಿ ಕೂತು ಅವತ್ತೂ ಎಣಿಸಲು ನೋಡಿದೆ. ಆ ಹುಡುಗ ಕುಡಿಯುವುದಿಲ್ಲವಂತೆ, ಸ್ತೋತ್ರ. ಸೋದರತ್ತೆಯ ಮನೆ, ತೀರಾ ಗುರುತಿಲ್ಲದ ಜಾಗ ಅಲ್ಲ, ಸ್ತೋತ್ರ. ಅವಳ ತಾಯಿ ಹೆದರಿಕೊಂಡಾದರೂ ಫೋನು ಮಾಡಿದಳು, ಸ್ತೋತ್ರ. ಲೆಕ್ಕದಲ್ಲಿ ಅವಳಿಗೆ ಯಾರೂ ಮೋಸ ಮಾಡಲಾರರು ಅನ್ನುವಲ್ಲಿಗೆ ಬಂದಾಗ ಮುಂದೆ ಆಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ. ಗಂಡುಮಕ್ಕಳು ಹೆದರಬಾರದು ನೋಡಿ.

ಬಚ್ಚಲ ಕಡೆಯಿಂದ ನಲ್ಲಿ ಗೊರಗೊರ ಅಂದಿತು. ನಮ್ಮ ಬೀದಿಗೆ ನೀರು ಬರುವುದು ಸ್ವಲ್ಪ ಹೊತ್ತು, ಬಂದಾಗ ಹಿಡಿಯದಿದ್ದರೆ ನಾಳೆಗಿಲ್ಲ. ಎದ್ದು ಕಣ್ಣೊರೆಸಿಕೊಂಡು ಹೋದೆ. ಮೊದಲು ಬಂದ ಕೆಂಪು ನೀರನ್ನು ಹರಿಯಬಿಟ್ಟು, ತಿಳಿಯಾದ ಮೇಲೆ ಕುಡಿಯುವ ಬಿಂದಿಗೆ ಇಟ್ಟೆ.